ಗಂಡು ರೀಡು, ಹೆಣ್ಣು ತಂಬೂರಿ

ಹಾರ್ಮೋನಿಯಂ ಅಂಗಡಿಯ ದರಪಟ್ಟಿಯಲ್ಲಿ ‘ಬಾಸ್-ಮೇಲ್’, ‘ಬಾಸ್-ಮೇಲ್-ಫೀಮೇಲ್’ ಎಂಬ ನಮೂದುಗಳಿರುತ್ತವೆ. ಪೆಟ್ಟಿಗೆಯೊಳಗೆ ಎಷ್ಟು ಸಾಲು ರೀಡುಗಳಿವೆ, ಅವು ಯಾವ ಸ್ಥಾಯಿಯವು ಎಂದು ತಿಳಿಸುವ ಕಸುಬಿನ ಭಾಷೆ ಇದು. ಒಂದು ಮನೆ ಒತ್ತಿದರೆ ಎರಡೋ ಮೂರೋ ಹಿತ್ತಾಳೆಯ ನಾಲಗೆಗಳು ಒಟ್ಟಿಗೆ ಕಂಪಿಸುತ್ತವೆ. ನಡುವಿನ ಸಾಲಿಗೆ ಗಂಡು ಎಂದು ಹೆಸರು. ಅದಕ್ಕಿಂತ ಒಂದು ಸ್ಥಾಯಿ ಕೆಳಗಿನದು ಬಾಸ್, ಒಂದು ಸ್ಥಾಯಿ ಮೇಲಿನದು ಹೆಣ್ಣು. ಉತ್ತರದ ಕುಶಲಕರ್ಮಿಗಳ ಬಾಯಲ್ಲಿ ಇವೇ ಖರಜ, ನರ, ಮಾದಾ. ಗಂಡು ಸಾಲಿನ ಒಂದು ಸ್ವರ 440 ಹರ್ಟ್ಜ್ ಇದ್ದರೆ ಅದೇ ಮನೆಯ ಖರಜ 220, ಹೆಣ್ಣು 880.

ಈ ವಾದ್ಯ ಯೂರೋಪಿನಲ್ಲಿ ಹುಟ್ಟಿದಾಗ ಅದರ ಸಾಲುಗಳಿಗೆ ಲಿಂಗವಿರಲಿಲ್ಲ. ಪ್ಯಾರಿಸ್ಸಿನ ಅಲೆಕ್ಸಾಂಡರ್ ದೆಬೇನ್ 1842ರಲ್ಲಿ ಹಾರ್ಮೋನಿಯಂಗೆ ಪೇಟೆಂಟ್ ಪಡೆದ ಕಾಲಕ್ಕೆ ಅಲ್ಲಿನವರು ಸ್ಥಾಯಿಯನ್ನು ಹೇಳುತ್ತಿದ್ದುದು ಚರ್ಚಿನ ಆರ್ಗನ್ ಕೊಳವೆಯ ಉದ್ದದ ಲೆಕ್ಕದಲ್ಲಿ: 16 ಅಡಿ, 8 ಅಡಿ, 4 ಅಡಿ. ಕಾಲಲ್ಲಿ ತುಳಿಯುವ ಆ ಪೆಟ್ಟಿಗೆ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕಲ್ಕತ್ತೆಯ ದ್ವಾರಕಾನಾಥ ಘೋಷರಂಥವರ ಕೈಗೆ ಬಂದು, ನೆಲದ ಮೇಲೆ ಕೂತು ಒಂದು ಕೈಯಲ್ಲಿ ತಿದಿ ಒತ್ತುವ ಪೇಟಿಯಾಯಿತು. ಅಡಿಯ ಲೆಕ್ಕ ಇಲ್ಲಿನ ಕೆಲಸಗಾರರಿಗೆ ಬೇಕಾಗಲಿಲ್ಲ. ಜೋಡಿಯಾಗಿರುವ ಯಾವುದಕ್ಕೂ ಗಂಡು ಹೆಣ್ಣು ಎನ್ನುವ ಹಳೆಯ ರೂಢಿ ಕೈಗೆ ಸಿಕ್ಕಿತು. ಪಂಜಾಬ, ಸಿಂಧ್, ರಾಜಸ್ಥಾನಗಳ ಜೋಡಿ ಕೊಳಲು ಅಲ್ಗೋಜದಲ್ಲೂ ಒಂದು ನರ, ಇನ್ನೊಂದು ಮಾದಾ.

ಈ ಹೆಸರುಗಳ ಹಿಂದೆ ಒಂದು ಸತ್ಯಾಂಶ ಇಲ್ಲದಿಲ್ಲ. ವಯಸ್ಕ ಗಂಡಸಿನ ಮಾತಿನ ಧ್ವನಿ ಸರಾಸರಿ 120 ಹರ್ಟ್ಜ್ ಆಸುಪಾಸಿನಲ್ಲಿರುತ್ತದೆ, ಹೆಂಗಸಿನದು 200 ದಾಟುತ್ತದೆ. ಅಂತರ ಒಂದು ಸ್ಥಾಯಿಗೆ ಸ್ವಲ್ಪ ಕಡಿಮೆ. ಆದರೆ ಗಂಡು ರೀಡಿನ ಮೇಲಿನ ಸಪ್ತಕ ಯಾವ ಗಂಡಸಿನ ಸಹಜ ಕಂಠಕ್ಕೂ ಎಟುಕುವುದಿಲ್ಲ, ಅತ್ಯಂತ ತಗ್ಗಿನ ಖರಜಕ್ಕೆ ಯಾವ ಲಿಂಗವೂ ಇಲ್ಲ. ಹೆಸರು ನಾದವನ್ನು ಅಳೆಯುತ್ತಿಲ್ಲ, ಸಾಲುಗಳ ನಡುವಿನ ಸಂಬಂಧವನ್ನಷ್ಟೇ ಹೇಳುತ್ತಿದೆ.

ತಂಬೂರಿಯ ವಿಷಯದಲ್ಲಿ ಹೆಸರು ಇನ್ನೂ ಗಟ್ಟಿಯಾಗಿ ಅಂಟಿಕೊಂಡಿದೆ. ಕರ್ನಾಟಕದ ಗಡಿಗೆ ಹತ್ತಿರದ ಮೀರಜಿನಲ್ಲಿ, ಮೊದಲು ಕತ್ತಿ ಮುಂತಾದ ಆಯುಧಗಳ ಕೆಲಸ ಮಾಡುತ್ತಿದ್ದ ಶಿಕಲಗಾರ ಮನೆತನದವರು ಹತ್ತೊಂಬತ್ತನೆಯ ಶತಮಾನದಲ್ಲಿ ತಂತಿವಾದ್ಯಗಳ ಕಸುಬಿಗೆ ಇಳಿದರು. ಪಂಢರಪುರದ ಸುತ್ತಮುತ್ತ ಬೆಳೆಯುವ ದೊಡ್ಡ ಸೋರೆಬುರುಡೆಯಿಂದ ಅವರು ಮಾಡಿದ ತಂಬೂರಿಗಳು ಧಾರವಾಡ, ಹುಬ್ಬಳ್ಳಿ, ಬೆಳಗಾವಿಯ ಗಾಯಕರ ಮನೆ ಸೇರಿದವು. ಅಲ್ಲಿ ಎರಡು ಅಳತೆ ಪ್ರಸಿದ್ಧ: ಸುಮಾರು ಐದಡಿ ಉದ್ದ, ದೊಡ್ಡ ಬುರುಡೆಯ ‘ಗಂಡಸರ ತಂಬೂರಿ’, ಅದಕ್ಕಿಂತ ಗಿಡ್ಡ, ಚಿಕ್ಕ ಬುರುಡೆಯ ‘ಹೆಂಗಸರ ತಂಬೂರಿ’. ತಂತಿಯ ಉದ್ದ, ದಪ್ಪ, ಬಿಗಿತ ಮೂರೂ ಆಯಾ ಶ್ರುತಿಗೆ ಹೊಂದಿದಾಗ ಮಾತ್ರ ಕುದುರೆಯ ಮೇಲೆ ನೂಲು ಸರಿಸಿದಾಗ ಜವಾರಿ ಬಿಚ್ಚಿಕೊಳ್ಳುತ್ತದೆ, ಆ ಜುಂಯ್ ಎನ್ನುವ ನಾದ ಹೊರಡುತ್ತದೆ. ಹಾಗಾಗಿ ಎರಡು ಅಳತೆ ಬೇಕೇ ಬೇಕು. ಅವಕ್ಕೆ ಗಂಡಸು ಹೆಂಗಸಿನ ಹೆಸರೇ ಬೇಕೆಂದೇನೂ ಇರಲಿಲ್ಲ. ಕರ್ನಾಟಕ ಸಂಗೀತದ ಮೃದಂಗಕ್ಕೂ ಇದೇ ಅಗತ್ಯವಿತ್ತು. ಅಲ್ಲಿ ಉದ್ದನೆಯದು ‘ತಗ್ಗು ಶ್ರುತಿ’ ಮೃದಂಗ, ಗಿಡ್ಡನೆಯದು ‘ಹೆಚ್ಚು ಶ್ರುತಿ’ ಮೃದಂಗ. ಈ ಮಾತುಗಳನ್ನು ತಮಿಳುನಾಡಿನ ವಿದ್ವಾಂಸರೂ ಹಾಗೆಯೇ ಬಳಸುತ್ತಾರೆ. ಗಾಯಕಿಯರಿಗೆ ಸಾಮಾನ್ಯವಾಗಿ ಹೆಚ್ಚು ಶ್ರುತಿಯದೇ ಬರುವುದಾದರೂ ವಾದ್ಯ ಯಾರ ಪಾಲೂ ಆಗಲಿಲ್ಲ.

ನಾದಕ್ಕೆ ಲಿಂಗ ಕಟ್ಟುವ ರೂಢಿ ಭಾರತದಲ್ಲಿ ಪೇಟಿಗಿಂತಲೂ ಮೀರಜಿಗಿಂತಲೂ ಎಷ್ಟೋ ಹಳೆಯದು. ಶಿಲ್ಪಶಾಸ್ತ್ರದ ಗ್ರಂಥಗಳು ಕಲ್ಲನ್ನು ತಟ್ಟಿ ಕೇಳಿ ಜಾತಿ ಹೇಳುತ್ತವೆ: ಗಂಟೆಯಂತೆ ನುಡಿದರೆ ಗಂಡುಶಿಲೆ, ಕಂಚಿನ ತಾಳದಂತೆ ನುಡಿದರೆ ಹೆಣ್ಣುಶಿಲೆ, ಸದ್ದೇ ಬರದಿದ್ದರೆ ನಪುಂಸಕ. ದೇವರ ವಿಗ್ರಹಕ್ಕೆ ಗಂಡು, ದೇವಿಗೂ ಪೀಠಕ್ಕೂ ಹೆಣ್ಣು, ಅಡಿಪಾಯಕ್ಕೆ ಮೂರನೆಯದು. ತಟ್ಟಿ ನೋಡುವುದರಲ್ಲಿ ಅರ್ಥವಿದೆ. ಒಳಗೆ ಬಿರುಕಿದ್ದ ಕಲ್ಲು ನಾದ ಕೊಡುವುದಿಲ್ಲ, ಉಳಿ ಬಿದ್ದರೆ ಒಡೆಯುತ್ತದೆ. ದೋಷವುಳ್ಳ ಕಲ್ಲಿಗೆ ಮೂರನೆಯ ಲಿಂಗದ ಹೆಸರಿಟ್ಟದ್ದು ಮಾತ್ರ ಶಿಲ್ಪಿಯ ಕಿವಿಯ ತೀರ್ಪಲ್ಲ, ಸಮಾಜದ ಉಪೇಕ್ಷೆ.

ಸಂಗೀತಶಾಸ್ತ್ರದಲ್ಲೂ ಇದೇ ಮೂರು ಪಾಲು ಕಾಣುತ್ತದೆ. ನಾರದನ ಹೆಸರಿನಲ್ಲಿರುವ ‘ಸಂಗೀತ ಮಕರಂದ’ ರಾಗಗಳನ್ನು ಪುರುಷ, ಸ್ತ್ರೀ, ನಪುಂಸಕ ಎಂದು ವಿಂಗಡಿಸುತ್ತದೆ. ಮುಂದೆ ಇದು ಸಂಸಾರವಾಗಿ ಬೆಳೆಯಿತು. ಆರು ಗಂಡು ರಾಗಗಳು, ಅವುಗಳ ಹೆಂಡಂದಿರಾದ ರಾಗಿಣಿಯರು, ಆಮೇಲೆ ಮಕ್ಕಳು. ಈ ಸಂಸಾರಕ್ಕೆ ಅಚ್ಚುಕಟ್ಟಾದ ರೂಪ ಕೊಟ್ಟವರಲ್ಲಿ ಒಬ್ಬ ಕನ್ನಡ ನಾಡಿನವನೇ. ಶಿವಗಂಗೆಯ ಬಳಿಯ ಸಾತನೂರಿನಲ್ಲಿ ಹುಟ್ಟಿ, ಖಾನದೇಶದ ಬುರ್ಹಾನ್ ಖಾನನ ಆಸ್ಥಾನಕ್ಕೆ ಹೋಗಿ, ಅಲ್ಲಿಂದ ಕಛವಾಹ ರಜಪೂತರ ಆಶ್ರಯ ಪಡೆದ ಪುಂಡರೀಕ ವಿಠ್ಠಲ 1576ರಲ್ಲಿ ‘ರಾಗಮಾಲಾ’ ಬರೆದು, ಆರು ರಾಗಗಳಿಗೆ ತಲಾ ಐದು ಹೆಂಡಂದಿರನ್ನೂ ಐದು ಮಕ್ಕಳನ್ನೂ ಕಟ್ಟಿಕೊಟ್ಟ. ರಾಗಗಳನ್ನು ಸ್ವರ ನೋಡಿ ವಿಂಗಡಿಸುವ ದಕ್ಷಿಣದ ಮೇಳದ ಲೆಕ್ಕವನ್ನೂ ಚೆನ್ನಾಗಿ ಬಲ್ಲ ಈ ಪಂಡಿತ ಉತ್ತರದ ಒಡೆಯರ ರುಚಿಗೆ ತಕ್ಕಂತೆ ಬರೆದನೆಂದು ಕಾಣುತ್ತದೆ. ರಾಜಸ್ಥಾನ, ದಖನ್ನು, ಪಹಾಡಿ ಪ್ರದೇಶಗಳ ರಾಗಮಾಲಾ ಚಿತ್ರಗಳು ಇಂಥ ವಂಶವೃಕ್ಷಗಳನ್ನೇ ನೆಚ್ಚಿಕೊಂಡವು. ಕಣ್ಣಿಗೆ ಹಬ್ಬವಾಯಿತು. ಕಿವಿಗೆ ಉಪಯೋಗವಾಯಿತೆ ಎಂದರೆ ಇಲ್ಲ. ಪಟ್ನಾದ ಮುಹಮ್ಮದ್ ರಜಾ 1813ರಲ್ಲಿ ಬರೆದ ‘ನಗ್ಮಾತ್-ಎ-ಆಸಫಿ’ಯಲ್ಲಿ, ರಾಗಕ್ಕೂ ಅದರ ಹೆಂಡಂದಿರೆನಿಸಿಕೊಂಡ ರಾಗಿಣಿಯರಿಗೂ ಸ್ವರಗಳಲ್ಲಿ ಹೋಲಿಕೆಯೇ ಇಲ್ಲ ಎಂದು ನೇರವಾಗಿ ಆಕ್ಷೇಪಿಸಿದ. ಇಷ್ಟಾಗಿಯೂ ಅವನು ಸಂಸಾರವನ್ನು ಮುರಿಯಲಿಲ್ಲ. ಸ್ವರಸಾಮ್ಯ ನೋಡಿ ಬೇರೆ ಜೋಡಿಗಳನ್ನು ಕೂಡಿಸಿದ. ಅದನ್ನು ಪೂರ್ತಿ ಕೈಬಿಟ್ಟವರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ದಕ್ಷಿಣ ಸುತ್ತಿ, ವೆಂಕಟಮಖಿಯ ಮೇಳಪದ್ಧತಿ ಕಂಡು ಬಂದು, ಹತ್ತು ಥಾಟುಗಳ ಲೆಕ್ಕ ಹಾಕಿದ ಭಾತಖಂಡೆ.

ಬೇರೆ ನಾಡುಗಳ ವಾದ್ಯಗಳನ್ನು ನೋಡಿದರೆ ತಗ್ಗು ನಾದ ಗಂಡು, ಏರು ನಾದ ಹೆಣ್ಣು ಎಂಬ ನಂಬಿಕೆ ಅಲ್ಲಾಡುತ್ತದೆ. ಬಾಲಿಯ ಗಮೆಲಾನ್ ಮೇಳದಲ್ಲಿ ವಾದ್ಯಗಳು ಜೋಡಿಜೋಡಿ. ಜೋಡಿಯ ಎರಡನ್ನೂ ಬೇಕೆಂದೇ ತುಸು ಬೇರೆ ಶ್ರುತಿಗೆ ಇಟ್ಟು, ಒಟ್ಟಿಗೆ ಹೊಡೆದಾಗ ಸೆಕೆಂಡಿಗೆ ಹಲವು ಬಾರಿ ಅಲೆಯಂತೆ ನಾದ ತುಯ್ಯುವ ಹಾಗೆ ಮಾಡುತ್ತಾರೆ. ಅಲ್ಲಿ ಡೋಲಿನ ಜೋಡಿಯಲ್ಲೂ ದೊಡ್ಡ ಜಾಗಟೆಯ ಜೋಡಿಯಲ್ಲೂ ದೊಡ್ಡದು, ತಗ್ಗಿನದು ‘ವಾದೋನ್’, ಅಂದರೆ ಹೆಣ್ಣು. ಚಿಕ್ಕದು, ಏರಿನದು ‘ಲಾನಾಂಗ್’, ಗಂಡು. ಕ್ಯೂಬಾದ ಬೊಂಗೊ ಜೋಡಿಯಲ್ಲಿಯೂ ಹಾಗೆಯೇ: ಚಿಕ್ಕದು, ಚುರುಕಿನದು ‘ಮಾಚೊ’ ಎಂಬ ಗಂಡು, ದೊಡ್ಡದು ‘ಎಂಬ್ರಾ’ ಎಂಬ ಹೆಣ್ಣು. ಅದೇ ದ್ವೀಪದ ಬಾತಾ ಡೋಲುಗಳಲ್ಲಿ ಅತಿ ದೊಡ್ಡದೂ ಎಲ್ಲವನ್ನೂ ನಡೆಸುವುದೂ ಆದ ಡೋಲಿಗೆ ‘ಇಯಾ’ ಎಂದು ಹೆಸರು. ಯೊರುಬಾ ಭಾಷೆಯಲ್ಲಿ ಅದು ತಾಯಿ. ಆಂಡೀಸ್ ಬೆಟ್ಟಗಳ ‘ಸಿಕು’ ಎಂಬ ಕೊಳವೆವಾದ್ಯದಲ್ಲಿ ಒಂದೇ ಸ್ವರಶ್ರೇಣಿಯನ್ನು ಇಬ್ಬರಿಗೆ ಹಂಚಿರುತ್ತಾರೆ. ಮುನ್ನಡೆಸುವ ‘ಇರಾ’ ಗಂಡು, ಹಿಂಬಾಲಿಸುವ ‘ಆರ್ಕಾ’ ಹೆಣ್ಣು. ಎರಡರ ನಡುವೆ ಹೆಚ್ಚು ತಗ್ಗಿನ ಮಾತೇ ಇಲ್ಲ. ಒಂದು ಕಡೆ ಗಾತ್ರ, ಇನ್ನೊಂದು ಕಡೆ ಹೆರುವ ಶಕ್ತಿ, ಮತ್ತೊಂದು ಕಡೆ ಮುಂದಾಳುತನ. ಲಿಂಗ ಎಲ್ಲಿಂದಲೋ ಬಂದು ನಾದದ ಮೇಲೆ ಕೂರುತ್ತದೆಯೇ ಹೊರತು ನಾದದೊಳಗಿಂದ ಹೊರಡುವುದಿಲ್ಲ.

ಯೂರೋಪಿನಲ್ಲಿ ಈ ರೂಢಿ ವ್ಯಾಕರಣದ ದಾರಿ ಹಿಡಿದು ಬಂತು. ಫ್ರೆಂಚ್ ಪದ್ಯದಲ್ಲಿ ಒತ್ತಿಲ್ಲದ ಅಕ್ಷರದಿಂದ ಮುಗಿಯುವ ಪ್ರಾಸಕ್ಕೆ ಸ್ತ್ರೀಪ್ರಾಸ ಎನ್ನುತ್ತಾರೆ, ಏಕೆಂದರೆ ಆ ಭಾಷೆಯ ಎಷ್ಟೋ ಸ್ತ್ರೀಲಿಂಗ ಪದಗಳು ಹಾಗೆ ಮುಗಿಯುತ್ತವೆ. ಸಂಗೀತಗಾರರು ಅದನ್ನೆತ್ತಿಕೊಂಡು, ತಾಳದ ಬಲವಾದ ಘಾತದ ಮೇಲೆ ನಿಲ್ಲುವ ಮುಕ್ತಾಯಕ್ಕೆ ಗಂಡು ಮುಕ್ತಾಯವೆಂದೂ, ಘಾತ ದಾಟಿ ಮೆಲ್ಲನೆ ನಿಲ್ಲುವುದಕ್ಕೆ ಹೆಣ್ಣು ಮುಕ್ತಾಯವೆಂದೂ ಕರೆದರು. ಅಲ್ಲಿಯವರೆಗೆ ಅದು ಬರಿಯ ಲೆಕ್ಕಪತ್ರದ ಹೆಸರು. 1845ರಲ್ಲಿ ಬರ್ಲಿನ್ನಿನ ಎ. ಬಿ. ಮಾರ್ಕ್ಸ್ ತನ್ನ ರಚನಾಶಾಸ್ತ್ರದ ಗ್ರಂಥದಲ್ಲಿ ಸೊನಾಟಾದ ಮೊದಲ, ಗಟ್ಟಿಯಾದ ವಸ್ತುವನ್ನು ಪುರುಷ ಎಂದೂ ಅದನ್ನು ಅವಲಂಬಿಸಿ ಬರುವ ಎರಡನೆಯದನ್ನು ಸ್ತ್ರೀ ಎಂದೂ ವರ್ಣಿಸಿದ ಮೇಲೆ ಹೆಸರಿಗೆ ಸ್ವಭಾವವೂ ಸೇರಿಕೊಂಡಿತು. ನಂತರದ ತಲೆಮಾರುಗಳ ಪಠ್ಯಗಳು ಅದನ್ನು ಉರುಹೊಡೆಸಿದವು. ವಿಲ್ಲಿ ಆಪೆಲ್ ಸಂಪಾದಿಸಿದ ಹಾರ್ವರ್ಡ್ ಸಂಗೀತ ನಿಘಂಟು 1970ರ ಹೊತ್ತಿನಲ್ಲೂ ಗಂಡು ಮುಕ್ತಾಯವೇ ಸಹಜವಾದದ್ದು ಎಂದು ಬರೆದಿತ್ತು. ಸೂಸನ್ ಮೆಕ್‌ಕ್ಲೇರಿ 1991ರಲ್ಲಿ ಪ್ರಕಟಿಸಿದ ಪುಸ್ತಕಕ್ಕೆ ಈ ಪಾರಿಭಾಷಿಕವನ್ನೇ ಹೆಸರಾಗಿಟ್ಟು ಅದರ ಬುಡ ಕೆದಕಿದಾಗ ದೊಡ್ಡ ಗದ್ದಲವೆದ್ದಿತು. ಆಕೆಯ ಎಲ್ಲ ವಾದಗಳನ್ನೂ ಒಪ್ಪದವರು ಕೂಡ ನಂತರ ಪಾಠ ಮಾಡುವಾಗ ಆ ಪದವನ್ನು ಯೋಚಿಸಿ ಬಳಸುವಂತಾಯಿತು.

ಹೆಸರಿಟ್ಟದ್ದರಿಂದ ಯಾರಿಗೆ ಏನು ತೊಂದರೆ ಎಂಬ ಪ್ರಶ್ನೆಗೆ ಉತ್ತರ ಯೂರೋಪಿನ ವಾದ್ಯಮೇಳಗಳಲ್ಲಿದೆ. 1780ರ ದಶಕದಲ್ಲೇ ಜರ್ಮನಿಯ ಕಾರ್ಲ್ ಲುಡ್ವಿಗ್ ಯೂಂಕರ್ ಹೆಂಗಸರಿಗೆ ಒಪ್ಪದ ವಾದ್ಯಗಳ ಪಟ್ಟಿ ಕೊಟ್ಟಿದ್ದ: ಕಹಳೆ, ಕೊಂಬು, ಸೆಲ್ಲೊ, ಡಬಲ್ ಬಾಸ್. ಕೀಲಿಮಣೆಯ ವಾದ್ಯ, ಲ್ಯೂಟ್, ಹಾರ್ಪ್ ಅವರ ಪಾಲಿಗೆ. ಇನ್ನೂರು ವರ್ಷ ಕಳೆದರೂ ಪಟ್ಟಿ ಬಹುಪಾಲು ಹಾಗೆಯೇ ಉಳಿದಿತ್ತು. 1980ರಲ್ಲಿ ಮ್ಯೂನಿಕ್ ಫಿಲ್ಹಾರ್ಮೋನಿಕ್ ಪ್ರಧಾನ ಟ್ರೊಂಬೋನ್ ಸ್ಥಾನಕ್ಕೆ ಪರದೆಯ ಹಿಂದೆ ಪರೀಕ್ಷೆ ನಡೆಸಿತು. ಅಭ್ಯರ್ಥಿಗಳಲ್ಲಿ ಹೆಸರಾಂತ ವಾದಕನೊಬ್ಬನ ಮಗನಿದ್ದ. ಪಕ್ಷಪಾತದ ಮಾತು ಬರಬಾರದೆಂದು ಪರದೆ. ತೀರ್ಪುಗಾರರು ಒಲಿದದ್ದು, ಮೇಳವೇ ‘ಶ್ರೀಮಾನ್’ ಎಂದು ಕರೆದು ಕಾಗದ ಬರೆದಿದ್ದ ಆಬಿ ಕೊನಾಂಟ್ ಎಂಬ ಅಮೆರಿಕದ ಮಹಿಳೆಯ ನುಡಿಸಾಣಿಕೆಗೆ. ಪರದೆ ಸರಿದ ಮೇಲೆ ಅದೇ ನಾದದಲ್ಲಿ ಬಲ ಸಾಲದೆಂಬ ಮಾತು ಹುಟ್ಟಿತು. 1982ರಲ್ಲಿ ಆಕೆಯನ್ನು ಎರಡನೆಯ ಸ್ಥಾನಕ್ಕೆ ಇಳಿಸಿದರು. ತನ್ನ ಶ್ವಾಸಕೋಶದ ಶಕ್ತಿಯನ್ನು ವೈದ್ಯರಿಂದ ಪರೀಕ್ಷೆ ಮಾಡಿಸಿ, ನ್ಯಾಯಾಲಯಗಳನ್ನು ಹತ್ತಿ ಇಳಿದು, ಸ್ಥಾನವನ್ನೂ ಸಮಾನ ಸಂಬಳವನ್ನೂ ಪಡೆಯುವಷ್ಟರಲ್ಲಿ 1993 ಬಂದಿತ್ತು. 1982ರಲ್ಲೇ ಬರ್ಲಿನ್ ಫಿಲ್ಹಾರ್ಮೋನಿಕ್‌ನಲ್ಲಿ ನಿರ್ದೇಶಕ ಕಾರಯಾನ್ ಆರಿಸಿದ ಕ್ಲಾರಿನೆಟ್ ವಾದಕಿ ಸಬೀನ ಮೆಯರ್ ವಿರುದ್ಧ ವಾದಕರು 73 ಮತ ಹಾಕಿದರು. ಪರ ಬಂದದ್ದು 4. ಹೇಳಿದ ಕಾರಣ, ಆಕೆಯ ನಾದ ಉಳಿದವರ ನಾದದೊಂದಿಗೆ ಬೆರೆಯುವುದಿಲ್ಲ ಎಂಬುದು. ಆಕೆ ಹೊರಬಂದು ವಿಶ್ವವಿಖ್ಯಾತ ಏಕವಾದಕಿಯಾದರು. ವಿಯೆನ್ನಾ ಫಿಲ್ಹಾರ್ಮೋನಿಕ್ ತನ್ನಲ್ಲಿ ವರ್ಷಾನುಗಟ್ಟಲೆ ಹಾರ್ಪ್ ನುಡಿಸುತ್ತಿದ್ದ ಆನಾ ಲೆಲ್ಕೆಸ್‌ಗೆ ಸದಸ್ಯತ್ವ ಕೊಟ್ಟದ್ದು 1997ರಲ್ಲಿ.

ವಾದ್ಯದ ಲಿಂಗ ಊರಿಂದ ಊರಿಗೆ ಹೇಗೆ ಬದಲಾಗುತ್ತದೆ ಎನ್ನುವುದಕ್ಕೆ ಕೊಳಲೇ ಸಾಕು. 1978ರಲ್ಲಿ ಅಮೆರಿಕದ ಏಬಲ್ಸ್ ಮತ್ತು ಪೋರ್ಟರ್ ನಡೆಸಿದ ಅಧ್ಯಯನದಲ್ಲಿ ಕೊಳಲು, ಪಿಟೀಲು, ಕ್ಲಾರಿನೆಟ್‌ಗಳನ್ನು ಜನ ಹೆಣ್ಣಿನ ಕಡೆಗೂ, ಡ್ರಮ್, ಟ್ರೊಂಬೋನ್, ಟ್ರಂಪೆಟ್‌ಗಳನ್ನು ಗಂಡಿನ ಕಡೆಗೂ ಇಟ್ಟರು. ಭಾರತದಲ್ಲಿ ಕೊಳಲು ಬಹುಕಾಲ ಗಂಡಸರದ್ದೇ; ಸಿಕ್ಕಿಲ್ ಸೋದರಿಯರಂಥವರು ವಿರಳ. ಮೈಸೂರಿನ ವೀಣೆಯ ಕಥೆ ಇನ್ನೂ ಸ್ವಾರಸ್ಯದ್ದು. ವೀಣೆ ಶೇಷಣ್ಣ, ವೀಣೆ ಸುಬ್ಬಣ್ಣನವರ ಕಾಲದ ಅರಮನೆಯಲ್ಲಿ ಅದು ಪೇಟ ಧರಿಸಿದ ವಿದ್ವಾಂಸರ ವಾದ್ಯ. ಶೇಷಣ್ಣನವರು 1926ರಲ್ಲಿ ತೀರಿಕೊಂಡ ಮುಂದಿನ ದಶಕಗಳಲ್ಲಿ ಮಧ್ಯಮವರ್ಗದ ಮನೆಗಳಲ್ಲಿ ವೀಣೆ ಮದುವೆಗೆ ಬಂದ ಹೆಣ್ಣುಮಕ್ಕಳ ಕಲಿಕೆಯಾಯಿತು, ನಾದವೂ ‘ನಾಜೂಕು’ ಎನಿಸಿಕೊಂಡಿತು. ಮೆಟ್ಟಿಲು, ತಂತಿ, ಹಲಸಿನ ಮರ ಎಲ್ಲ ಹಿಂದಿನವೇ.

ಗಿಟಾರಿನವರ ಆಡುಮಾತು ಈ ಗೊಂದಲವನ್ನು ತುದಿಗೆ ಮುಟ್ಟಿಸಿತು. ಕೊರೆಯುವಂಥ, ದಪ್ಪ ನಾದವನ್ನು ಹೊಗಳಲು ಗಂಡಸಿನ ವೃಷಣವನ್ನೇ ವಿಶೇಷಣ ಮಾಡಿಕೊಂಡ ಮಾತು ಇಂಗ್ಲಿಷ್ ವಾದಕರಲ್ಲಿ ಬಲು ರೂಢಿ. ಬಿ. ಬಿ. ಕಿಂಗ್ ತನ್ನ ಗಿಟಾರಿಗೆ ಲೂಸಿಲ್ ಎಂದು ಹೆಣ್ಣಿನ ಹೆಸರಿಟ್ಟ; 1949ರಲ್ಲಿ ಅರ್ಕಾನ್ಸಾದ ಒಂದು ಕುಣಿತದ ಮನೆಯಲ್ಲಿ ಆ ಹೆಸರಿನ ಹೆಣ್ಣಿಗಾಗಿ ಇಬ್ಬರು ಬಡಿದಾಡಿ ಬೆಂಕಿ ಹತ್ತಿಕೊಂಡಾಗ ಅವನು ಗಿಟಾರ್ ತರಲು ಉರಿಯೊಳಗೆ ನುಗ್ಗಿದ್ದ. ಅವನಿಗೂ ಮುಂಚಿನ ಸಿಸ್ಟರ್ ರೊಸೆಟಾ ಥಾರ್ಪ್ ಎಂಬ ಅಪ್ರತಿಮ ವಾದಕಿಗೆ ಸಿಗುತ್ತಿದ್ದ ಮೆಚ್ಚುಗೆ, ಗಂಡಸಿನ ಹಾಗೆ ನುಡಿಸುತ್ತಾಳೆ ಎಂಬುದು. 1967ರ ಹೊತ್ತಿಗೆ ಕ್ರೀಮ್ ತಂಡದ ಎರಿಕ್ ಕ್ಲ್ಯಾಪ್ಟನ್ ತನ್ನ ಒಂದು ವಿಶಿಷ್ಟ ನಾದವನ್ನು ‘ವುಮನ್ ಟೋನ್’ ಎಂದು ಕರೆದ. ಅದನ್ನು ತೆಗೆಯುವ ಬಗೆ ಸರಳ. ಗಿಟಾರಿನ ಟೋನ್ ಗುಂಡಿಯನ್ನು ಪೂರ್ತಿ ಇಳಿಸಿದರೆ ಒಳಗಿನ ಕೆಪಾಸಿಟರ್ ಏರು ಕಂಪನಗಳನ್ನು ನೆಲಕ್ಕೆ ಹರಿಸಿಬಿಡುತ್ತದೆ. ಉಳಿದ ಮಂಕು ನಾದವನ್ನು ಮಾರ್ಷಲ್ ಆಂಪ್ಲಿಫೈಯರಿನ ಕೊನೆಯ ಅಂಕಕ್ಕೆ ಏರಿಸಿದರೆ ಯಂತ್ರ ತಾಳಲಾರದೆ ಹೊಸ ಕಂಪನಗಳನ್ನು ಬೆರೆಸುತ್ತದೆ, ಆಗ ಯಾರೋ ಬಾಯಿ ಮುಚ್ಚಿ ಹಾಡಿದಂಥ ದುಂಡನೆಯ ಸ್ವರ ಬರುತ್ತದೆ. ತಾರವನ್ನು ಕತ್ತರಿಸಿ ತೆಗೆದ ನಾದ ಇಲ್ಲಿ ಹೆಣ್ಣು. ಹಾರ್ಮೋನಿಯಂನಲ್ಲಿ ತಾರವೇ ಹೆಣ್ಣು.

ಹಿಂದೂಸ್ತಾನಿ ಸಂಗೀತಗಾರರ ಬಾಯಲ್ಲಿ ಇದಕ್ಕೆ ಸಮನಾದ ಜೋಡಿ ‘ಮರ್ದಾನಾ’, ‘ಜನಾನಾ’. ಧ್ರುಪದ, ಪಖವಾಜಿನ ಬಿಚ್ಚುಗೈ ಬಡಿತ ಮರ್ದಾನಾ, ಠುಮ್ರಿ ಜನಾನಾ. ಟೀಕಮಗಢದ ಅಸ್ಗರಿ ಬಾಯಿ ಧ್ರುಪದ ಹಾಡಿ 1990ರಲ್ಲಿ ಪದ್ಮಶ್ರೀ ಪಡೆದರೂ ಮಾತು ಬದಲಾಗಲಿಲ್ಲ. ಕರ್ನಾಟಕದಲ್ಲಿ ಈ ಮಾತಿನ ಭಾರವನ್ನು ಹೊತ್ತವರು ಗಂಗೂಬಾಯಿ ಹಾನಗಲ್. 1930ರ ದಶಕದಲ್ಲಿ ಗಾಂಧಾರಿ ಹಾನಗಲ್ ಎಂಬ ಹೆಸರಿನಲ್ಲಿ ಬಂದ ಅವರ ರೆಕಾರ್ಡುಗಳಲ್ಲಿ ಕೇಳುವುದು ತೆಳುವಾದ ಏರು ಕಂಠ. ಗಂಟಲಿನ ಚಿಕಿತ್ಸೆಯ ನಂತರ ಅದು ಇಳಿದು ದಪ್ಪಗಾಯಿತು, ‘ಗಂಡು ಕಂಠ’ ಎನಿಸಿಕೊಂಡಿತು. ಕುಂದಗೋಳದಲ್ಲಿ ಸವಾಯಿ ಗಂಧರ್ವರ ಮುಂದೆ ಕೂತು ಕಲಿತ ಕಿರಾಣಾ ಶೈಲಿಯ ನಿಧಾನಗತಿಯ ಸ್ವರವಿಸ್ತಾರಕ್ಕೆ ಆ ಕಂಠ ಹೇಳಿ ಮಾಡಿಸಿದಂತಿತ್ತು. ಪಕ್ಕದಲ್ಲಿ ಮಗಳು ಕೃಷ್ಣಾ ಹಾನಗಲ್ ತಮ್ಮ ತಿಳಿಯಾದ ದನಿಯಲ್ಲಿ ತಾರಕ್ಕೆ ಆಸರೆಯಾಗುತ್ತಿದ್ದರು. ಕೇಳುಗರು ಗಂಡೋ ಹೆಣ್ಣೋ ಎಂದು ಚರ್ಚಿಸುತ್ತಿದ್ದಾಗ ಗಂಗೂಬಾಯಿ ಬೇರೊಂದು ಕಡೆ ಬೆರಳು ತೋರಿದರು: ಹಾಡುವ ಗಂಡಸು ಮುಸ್ಲಿಮನಾದರೆ ಉಸ್ತಾದ, ಹಿಂದುವಾದರೆ ಪಂಡಿತ, ಕೇಸರಬಾಯಿ, ಮೋಗೂಬಾಯಿಯಂಥವರು ಮಾತ್ರ ಕೊನೆಯವರೆಗೆ ಬಾಯಿಗಳೇ. ನಾದದ ಬಗ್ಗೆ ನಡೆದ ಎಲ್ಲ ಮಾತಿಗಿಂತ ಇದು ಹರಿತವಾದ ಮಾತು.

ಗಂಡಸಿನ ಕಂಠ ತಗ್ಗಿನಲ್ಲಿರಬೇಕೆಂಬ ಎಣಿಕೆಯೂ ಹಳೆಯದಲ್ಲ. ಮೈಕು ಬರುವ ಮೊದಲು ಕಂಪನಿ ನಾಟಕದ ನಟರೂ ಕಛೇರಿಯ ವಿದ್ವಾಂಸರೂ ಕೊನೆಯ ಸಾಲಿಗೆ ಕೇಳಿಸಲೆಂದು ಏರು ಶ್ರುತಿಯಲ್ಲೇ ಹಾಡುತ್ತಿದ್ದರು. ಪಿಟೀಲು ಚೌಡಯ್ಯನವರು 1920ರ ದಶಕದಲ್ಲಿ ಏಳು ತಂತಿಯ ಪಿಟೀಲು ರೂಪಿಸಿದ್ದೂ ಜೊತೆತಂತಿಗಳಿಂದ ನಾದ ಹಿಗ್ಗಿ ಸಭೆ ತುಂಬಲಿ ಎಂದು. ‘ಗಂಡುಕಲೆ’ ಎಂದೇ ಕರೆಸಿಕೊಳ್ಳುವ ಯಕ್ಷಗಾನದಲ್ಲಿ ಭಾಗವತನ ಹಿರಿಮೆ ಇದ್ದದ್ದು ಏರು ಕಂಠದಲ್ಲಿ. ಅದೇ ಕಲೆಯಲ್ಲಿ ಲೀಲಾವತಿ ಬೈಪಾಡಿತ್ತಾಯರು ವೃತ್ತಿಮೇಳದ ಭಾಗವತರಾಗಿ ಜಾಗಟೆ ಹಿಡಿದಾಗ ಜನಕ್ಕೆ ಸೋಜಿಗವೆನಿಸಿದ್ದು ಶ್ರುತಿಯಲ್ಲ, ಸೀರೆ.

ಈಚೆಗೆ ಕಸುಬಿನ ಮಾತುಗಳು ಅಲ್ಲಲ್ಲಿ ಬದಲಾಗುತ್ತಿವೆ. ಪಾಶ್ಚಾತ್ಯ ಪಠ್ಯಗಳಲ್ಲಿ ಘಾತದ ಮುಕ್ತಾಯ, ಘಾತೇತರ ಮುಕ್ತಾಯ ಎಂಬರ್ಥದ ಹೆಸರುಗಳು ಬಂದಿವೆ. ಅಮೆರಿಕದ ಗಾಯನವೃಂದಗಳು ಗಂಡಸರ, ಹೆಂಗಸರ ಎನ್ನುವುದನ್ನು ಬಿಟ್ಟು ಟೆನರ್-ಬಾಸ್, ಟ್ರೆಬಲ್ ಎಂದು ಸ್ಥಾಯಿಯ ಹೆಸರು ಹಿಡಿಯುತ್ತಿವೆ. ಧ್ವನಿವರ್ಧಕದ ತಂತಿಗಳ ತುದಿಗೆ ಮೇಲ್, ಫೀಮೇಲ್ ಎನ್ನುವ ಬದಲು ಪ್ಲಗ್, ಸಾಕೆಟ್ ಎನ್ನುವವರು ಹೆಚ್ಚುತ್ತಿದ್ದಾರೆ. ಮೀರಜಿನ ಸಿತಾರು, ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಿ ದೊರೆತರೂ ಗಂಡಸರದು, ಹೆಂಗಸರದು ಎಂಬ ಹೆಸರುಗಳು ಅಲ್ಲಿ ಹಾಗೆಯೇ ನಡೆದಿವೆ. ತಗ್ಗಿನ ಕಂಠದ ಗಾಯಕಿಗೆ ಹೆಂಗಸರ ತಂಬೂರಿ ಕೊಟ್ಟರೆ ತಂತಿ ಸಡಿಲವಾಗಿ ಜವಾರಿ ಸತ್ತುಹೋಗುತ್ತದೆ; ಏರು ಕಂಠದ ಗಾಯಕನಿಗೆ ಗಂಡಸರದನ್ನು ಕೊಟ್ಟರೆ ತಂತಿ ಹರಿಯುತ್ತದೆ. ತಂಬೂರಿ ಮಾಡಿಸುವವರು ತಾವು ಹಾಡುವ ಶ್ರುತಿಯನ್ನು, ಬಿಳಿ ಎರಡೋ ಕಪ್ಪು ಐದೋ, ಮೊದಲೇ ಹೇಳಿಬಿಡುವುದು ಒಳ್ಳೆಯದು.